ವಿಮಲಕ್ಕನ ಬಲಗಾಲು, ನನ್ನ ಎಡಗಾಲು

ಮೊನ್ನೆ ಶಿವಮೊಗ್ಗದ ಆಲ್ಕೊಳ ಸರ್ಕಲ್‌ನಲ್ಲಿ ಸಿಟಿ ಬಸ್ ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ನನ್ನ ವಯಸ್ಸಿನವರೇ ಒಬ್ಬರು ಹತ್ತಿದರು. ಮುಂದಿನ ಸೀಟಿನ ಕಂಬಿ ಹಿಡಿದು, ಒಂದು ಕಾಲನ್ನು ಮುಂದಕ್ಕೆ ಚಾಚಿ, ಉಸಿರು ಬಿಗಿಹಿಡಿದು ನನ್ನ ಪಕ್ಕ ಕೂತರು. ಹಾಗೆ ಕೂರುವವರನ್ನು ನಾನು ನೂರು ಜನರ ನಡುವೆಯೂ ಗುರುತಿಸುತ್ತೇನೆ. ಕೂತ ಮೇಲೆ ಅವರ ಸೀರೆಯಿಂದ ನೋವಿನ ಮುಲಾಮಿನ ವಾಸನೆ ಬಂತು. ಕರ್ಪೂರ, ನೀಲಗಿರಿ ಎಣ್ಣೆ ಎರಡೂ ಸೇರಿ ಕಣ್ಣು ಚುರುಗುಟ್ಟಿಸುವ ವಾಸನೆ.

"ಹಿಪ್ ಆಪರೇಷನ್ನಾ?" ಎಂದು ಕೇಳಿಯೇಬಿಟ್ಟೆ. ನನಗೆ ಕೇಳದೆ ಇರಲು ಬರುವುದಿಲ್ಲ.

"ಹೌದು ಕಣ್ರೀ, ಎಂಟು ತಿಂಗಳಾಯ್ತು. ಡಾಕ್ಟ್ರು ಎಲ್ಲ ಸರಿ ಇದೆ ಅಂತಾರೆ. ನೋವಿದೆ ಅಂದ್ರೆ ಮನೇಲಿ ಯಾರೂ ನಂಬಲ್ಲ."

"ನಾನು ನಂಬ್ತೀನಿ," ಎಂದೆ. ಆಕೆ ನನ್ನ ಮುಖವನ್ನೇ ನೋಡಿದರು. ಬಸ್ ಸ್ಟ್ಯಾಂಡ್ ಬರುವ ತನಕ ಅವರು ಮಾತಾಡಿದರು, ನಾನು ಕೇಳಿದೆ. ಅವರು ಇಳಿದು ಹೋದ ಮೇಲೂ ಆ ವಾಸನೆ ಸೀಟಿನ ಮೇಲೆ ಉಳಿದಿತ್ತು. ಒಂದು ವರ್ಷ ನಾನು ಅದೇ ವಾಸನೆಯಲ್ಲಿ ಎದ್ದು ಅದೇ ವಾಸನೆಯಲ್ಲಿ ಮಲಗಿದವಳು. ಆ ವರ್ಷ ನೆನಪಾದರೆ ಮೊದಲು ಕಣ್ಣ ಮುಂದೆ ಬರುವುದು ಆಸ್ಪತ್ರೆಯೂ ಅಲ್ಲ, ವಾಕರೂ ಅಲ್ಲ; ನನ್ನ ವಾರಗಿತ್ತಿ ವಿಮಲಕ್ಕ.

ವಿಮಲಕ್ಕ ನಮ್ಮವರ ಅಣ್ಣನ ಹೆಂಡತಿ. ಭಾವ ಭದ್ರಾವತಿಯ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನ್ಯೂ ಟೌನ್‌ನಲ್ಲಿ ಮನೆ ಕಟ್ಟಿಸಿ ಮಗ, ಸೊಸೆ ರಶ್ಮಿಯ ಜೊತೆ ಇದ್ದಾರೆ. ನಾನು ಮದುವೆಯಾಗಿ ಬಂದಾಗ ನಾವೆಲ್ಲ ಓಲ್ಡ್ ಟೌನ್‌ನ ಒಂದು ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದೆವು. ಆರು ವರ್ಷ ಒಂದೇ ಅಡುಗೆಮನೆ, ಇಬ್ಬರು ಸೊಸೆಯರು, ಮೇಲೆ ನಮ್ಮತ್ತೆ. ವಿಮಲಕ್ಕ ಮಾತು ಕಮ್ಮಿ, ಕೆಲಸ ಜಾಸ್ತಿ. ನನಗೆ ಕೆಲಸವೂ ಬರುತ್ತಿತ್ತು, ಆದರೆ ಅದನ್ನು ಹೇಳಿಕೊಂಡೇ ಮಾಡುವ ಅಭ್ಯಾಸ. ಅವರು ಬೆಳಗಿನ ಐದಕ್ಕೆ ಎದ್ದರೆ ನಾನು ನಾಲ್ಕೂಮುಕ್ಕಾಲಿಗೆ ಏಳುತ್ತಿದ್ದೆ. ಮರುದಿನ ಅವರು ನಾಲ್ಕೂವರೆಗೆ. ಅತ್ತೆಗೆ ಇದರಲ್ಲಿ ಏನು ನಷ್ಟ? ಹಾಸಿಗೆಯಲ್ಲೇ ಕಾಫಿ ಬರುತ್ತಿತ್ತು, ಸುಮ್ಮನಿದ್ದರು. ಆಮೇಲೆ ನನಗೆ ಶಿವಮೊಗ್ಗದಲ್ಲಿ ಕೃಷಿ ಇಲಾಖೆಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಬೇರೆಯಾದ ಮೇಲೆ ಪ್ರೀತಿ ಹೆಚ್ಚಾಯಿತು ಎನ್ನುವುದು ನಿಜ. ಪೈಪೋಟಿ ಹೋಯಿತು ಎಂದರೆ ಮಾತ್ರ ಸುಳ್ಳು.

ಹಾಗಾಗಿ ಸೊಂಟದ ಕೀಲು ಕೂಡ ಇಬ್ಬರಿಗೂ ಹೆಚ್ಚುಕಮ್ಮಿ ಒಟ್ಟಿಗೇ ಸವೆದದ್ದು ನಮ್ಮ ಮನೆಯಲ್ಲಿ ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಅವರಿಗೆ ಬಲಗಡೆ, ನನಗೆ ಎಡಗಡೆ. "ಅದೊಂದರಲ್ಲಾದ್ರೂ ಬೇರೆ ಬೇರೆ ಆಗಿದ್ದೀರಲ್ಲ," ಎಂದು ನಮ್ಮವರು ನಕ್ಕರು. ಅವರಿಗೆ ಎಂಥ ಹೊತ್ತಿನಲ್ಲೂ ನಗು ಬರುತ್ತದೆ. ನಾನು ಆಪರೇಷನ್ ಎಂದರೆ ಹೆದರಿ ಎರಡು ವರ್ಷ ಕುಂಟಿಕೊಂಡೇ ತಳ್ಳಿದೆ. ವಿಮಲಕ್ಕ ಸಂಕ್ರಾಂತಿ ಮುಗಿದದ್ದೇ ಶಿವಮೊಗ್ಗಕ್ಕೆ ಬಂದು, ಆಸ್ಪತ್ರೆಗೆ ಸೇರಿ, ಕೀಲು ಬದಲಾಯಿಸಿಕೊಂಡು ಮನೆಗೆ ಹೋದರು. ಹದಿನೈದು ದಿನಕ್ಕೆ ಫೋನ್ ಮಾಡಿದರು.

"ಸುಮಿತ್ರಾ, ನೀನೂ ಮಾಡಿಸ್ಕೊಂಡ್ಬಿಡು ಮಾರಾಯ್ತಿ. ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ. ನಾನು ಆಗ್ಲೇ ಗೇಟಿನ ತನಕ ಓಡಾಡ್ತಿದ್ದೀನಿ."

ಅವರು ಹೇಳಿದರೆಂದು ನಾನು ಒಪ್ಪಿದೆ. ಬೇರೆ ಯಾರು ಹೇಳಿದ್ದರೂ ಒಪ್ಪುತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಕೈಯಲ್ಲಿ ನನ್ನದೂ ಆಯಿತು.

ಮೊದಲ ಒಂದು ತಿಂಗಳು ನೋವನ್ನು ನಾನು ಲೆಕ್ಕಕ್ಕೇ ಇಡಲಿಲ್ಲ. ಕೊಯ್ದ ಮೇಲೆ ನೋಯದೆ ಇರುತ್ತದೆಯೇ? ಎರಡನೇ ತಿಂಗಳು ವಾಕರ್ ಬಿಟ್ಟು ಕೋಲು ಹಿಡಿದೆ. ಮೂರನೇ ತಿಂಗಳು ಗಾಯ ಪೂರ್ತಿ ಒಣಗಿತು, ಆದರೆ ನೋವು ಹೋಗಲಿಲ್ಲ. ಹಳೆಯ ನೋವು ಕೀಲಿನ ಒಳಗಿತ್ತು, ಕಿಟಕಿಟ ಅನ್ನುತ್ತಿತ್ತು. ಇದು ಬೇರೆ ತರಹ. ತೊಡೆಯ ಹೊರಮಗ್ಗುಲಲ್ಲಿ ಉದ್ದಕ್ಕೆ ಉರಿ, ಕುರ್ಚಿಯಿಂದ ಎದ್ದ ಮೊದಲ ನಾಲ್ಕು ಹೆಜ್ಜೆಗೆ ಯಾರೋ ಒಳಗಿನಿಂದ ಹಿಡಿದು ಎಳೆದ ಹಾಗೆ. ಎಡಮಗ್ಗುಲಲ್ಲಿ ಮಲಗುವಂತಿಲ್ಲ. ಮೆಟ್ಟಿಲು ಕಂಡರೆ ಕೋಪ ಬರುತ್ತಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. "ಕೀಲು ಚೆನ್ನಾಗಿ ಕೂತಿದೆ, ಇನ್‌ಫೆಕ್ಷನ್ ಇಲ್ಲ. ಸ್ವಲ್ಪ ಟೈಮ್ ಕೊಡಿ," ಎಂದರು. ಫಿಲಂನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಆ ಲೋಹದ ಗುಂಡನ್ನು ನಾನೂ ನೋಡಿದೆ. ನೋಡಲು ಚೆನ್ನಾಗಿಯೇ ಇತ್ತು. ನನ್ನ ಕಾಲು ಮಾತ್ರ ಅದನ್ನು ಒಪ್ಪಿಕೊಂಡಿರಲಿಲ್ಲ.

ಟೈಮ್ ಕೊಡಬಹುದಿತ್ತು, ಭದ್ರಾವತಿಯಿಂದ ದಿನಾ ಫೋನ್ ಬರದೆ ಇದ್ದಿದ್ದರೆ.

"ಇವತ್ತು ಪಾರ್ಕ್ ಒಂದು ಸುತ್ತು ಹಾಕಿದೆ."

"ಇವತ್ತು ಕೋಲು ಮನೇಲೇ ಬಿಟ್ಟು ಹೊಳೆ ತನಕ ಹೋಗಿ ಬಂದೆ."

"ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಹಪ್ಪಳ ಒಣಗಿಸಿದೆ ಕಣೆ. ನಿಂದು ಹೇಗಿದೆ?"

ನಾನು ಏನು ಹೇಳಲಿ? ತಟ್ಟೆ ಎತ್ತಿಡಲು ಗೋಡೆ ಹಿಡಿಯುತ್ತಿದ್ದೇನೆ ಎನ್ನಲೇ? "ನಂದೂ ಚೆನ್ನಾಗಿದೆ ಅಕ್ಕ, ನಾನೂ ಸರ್ಕಲ್ ತನಕ ಹೋಗಿ ಬಂದೆ," ಎನ್ನುತ್ತಿದ್ದೆ. ಫೋನ್ ಇಟ್ಟು, ಹೇಳಿದ ಮಾತನ್ನು ನಿಜ ಮಾಡಲು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಫಿಸಿಯೋಥೆರಪಿಯ ಹುಡುಗಿ ಹತ್ತು ಸಲ ಕಾಲೆತ್ತಿ ಎಂದರೆ ನಾನು ಮೂವತ್ತು ಸಲ ಎತ್ತುತ್ತಿದ್ದೆ. ಸಂಜೆಗೆ ತೊಡೆ ಊದಿಕೊಂಡು ಕಲ್ಲಾಗುತ್ತಿತ್ತು. ನಮ್ಮವರು ಬಿಸಿನೀರಿನ ಚೀಲ ತಂದು ಕೈಗೆ ಕೊಟ್ಟು, "ಯಾರ ಜೊತೆ ಓಟ ನಿಂದು?" ಎನ್ನುತ್ತಿದ್ದರು.

ನೆಂಟರು ಸೇರಿದರೆ ಇನ್ನೂ ಕಷ್ಟ. ಒಂದು ಗೃಹಪ್ರವೇಶದಲ್ಲಿ ನಮ್ಮವರ ಸೋದರತ್ತೆ ಎಲ್ಲರೆದುರಿಗೆ, "ವಿಮಲ ನೋಡು ಹೇಗೆ ಓಡಾಡ್ತಾಳೆ. ಇದಕ್ಕೆಲ್ಲ ಮನಸ್ಸು ಗಟ್ಟಿ ಇರ್ಬೇಕು," ಎಂದು ನನ್ನ ಕಡೆ ತಿರುಗಿದರು. ಮುಖಕ್ಕೆ ಹೊಡೆದ ಹಾಗಾಯಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಹೆದರಿಕೆ ಆಯಿತು. ಅದೇ ಡಾಕ್ಟರು, ಅದೇ ಕೀಲು, ಮೂರು ನಾಲ್ಕು ವಾರ ಹಿಂದುಮುಂದು. ಅವರಿಗೆ ವಾಸಿಯಾಗಿ ನನಗೆ ಆಗಿಲ್ಲವೆಂದರೆ ನನ್ನದರಲ್ಲೇ ಏನೋ ತಪ್ಪಾಗಿದೆ. ಒಳಗೆ ಕೂತದ್ದು ಸರಿಯಾಗಿ ಕೂತಿಲ್ಲ. ಈ ಯೋಚನೆ ತಲೆಗೆ ಹೊಕ್ಕ ಮೇಲೆ ಬೇರೆ ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ.

ಆಷಾಢದ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ನಮ್ಮವರೊಬ್ಬರನ್ನೇ ಕರೆದುಕೊಂಡು ಇನ್ನೊಂದು ಊರಿನ ಇನ್ನೊಬ್ಬ ಡಾಕ್ಟರಲ್ಲಿಗೆ ಹೋದೆ. ಆತ ಫಿಲಂ ನೋಡಿ, ಕಾಲು ತಿರುಗಿಸಿ ನೋಡಿ, "ನೋಡೋಕೆ ಎಲ್ಲ ಸರಿ ಇದೆ ತಾಯಿ. ತೀರಾ ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಮತ್ತೆ ತೆರೆದು ನೋಡಬಹುದು. ನೋವು ಹೋಗುತ್ತೆ ಅಂತ ನಾನು ಮಾತು ಕೊಡಲ್ಲ, ಹೆಚ್ಚಾದರೂ ಆಗಬಹುದು. ತೀರ್ಮಾನ ನಿಮ್ಮದು," ಎಂದರು.

"ನಮ್ಮ ವಾರಗಿತ್ತಿಗೆ ಪೂರ್ತಿ ವಾಸಿಯಾಗಿದೆ ಡಾಕ್ಟ್ರೇ," ಎಂದೆ.

"ಅವರ ಕಾಲು ಬೇರೆ, ನಿಮ್ಮ ಕಾಲು ಬೇರೆ."

ಅವರು ಸರಿಯಾಗಿಯೇ ಹೇಳಿದರು. ನನ್ನ ಕಿವಿಗೆ ಹೋಗಲಿಲ್ಲ. ಶ್ರಾವಣದ ಕೊನೆಯಲ್ಲಿ ನಮ್ಮತ್ತೆಯ ತಿಥಿ ಇತ್ತು. ಅದು ಕಳೆದ ಮುಂದಿನ ಗುರುವಾರಕ್ಕೆ ಆಪರೇಷನ್ ಗೊತ್ತುಮಾಡಿಕೊಂಡು ಬಂದೆ. ದಾರಿಯಲ್ಲಿ ನಮ್ಮವರು ಒಂದೇ ಒಂದು ಸಲ, "ಅತ್ತಿಗೆಗೆ ಒಂದು ಮಾತು ಹೇಳೋಣ," ಎಂದರು. "ಬೇಡ, ನನ್ನಿಂದ ಹೀಗಾಯ್ತು ಅಂತ ಕೊರಗ್ತಾರೆ," ಎಂದೆ. ಒಳಗಿನ ಕಾರಣ ಬೇರೆಯೇ ಇತ್ತು. ಸೋತೆ ಎಂದು ಅವರ ಮುಂದೆ ಹೇಳಲು ನನಗೆ ಆಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ತಿಥಿಯ ಅಡುಗೆ ಎಂದರೆ ಇಬ್ಬರು ಸೊಸೆಯರದ್ದೇ. ಅತ್ತೆ ತೀರಿಕೊಂಡ ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹಿಂದಿನ ದಿನವೇ ಯಾರೂ ಮುಟ್ಟದ ಹಾಗೆ ಒಣಗಿಸಿಟ್ಟ ಮಡಿಸೀರೆ ಉಟ್ಟು ಅಡುಗೆಮನೆ ಹೊಕ್ಕರೆ, ಬ್ರಾಹ್ಮಣರ ಊಟ ಮುಗಿಯುವ ತನಕ ಮಡಿಯಲ್ಲಿ ಇಲ್ಲದವರು ನಮ್ಮನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಒಲೆ ಹೊತ್ತಿಸಿ ಅಡುಗೆ, ಅಷ್ಟು ಹೊತ್ತೂ ಬಂದವರು ಉಪವಾಸ. ಆ ವರ್ಷ ಭಾವ ಮೊದಲೇ ನಮ್ಮವರಿಗೆ ಫೋನ್ ಮಾಡಿ ಅಡುಗೆಯವರನ್ನು ಕರೆಸಿಬಿಡೋಣ ಎಂದಿದ್ದರಂತೆ. ವಿಮಲಕ್ಕ ಒಪ್ಪಿರಲಿಲ್ಲ.

"ಇಬ್ಬರದ್ದೂ ಹೊಸ ಕಾಲಾಗಿದೆ, ಈಗ ಅಡುಗೆಯವರು ಯಾಕೆ? ಅಲ್ವೇನೆ ಸುಮಿತ್ರಾ?" ಎಂದು ನನ್ನನ್ನೇ ಕೇಳಿದರು.

"ಹೌದು ಮತ್ತೆ, ನಾವಿಬ್ಬರು ಇಲ್ವಾ," ಎಂದೆ ನಾನು. ಬಾಯಿಗೆ ಬೀಗ ಹಾಕಿಕೊಳ್ಳಬೇಕಾದ ಹೊತ್ತಿನಲ್ಲೇ ನನಗೆ ಇಂಥ ಮಾತು ಬರುವುದು.

ಅವತ್ತು ಭದ್ರಾವತಿಯಲ್ಲಿ ಒಂದೇ ಸಮ ಮಳೆ. ಮಡಿಸೀರೆಗಳು ಪೂರ್ತಿ ಒಣಗಿರಲಿಲ್ಲ, ಉಟ್ಟರೆ ಸೊಂಟದ ಸುತ್ತ ತಣ್ಣಗೆ. ಆ ತಣ್ಣನೆಯದು ನೇರ ಕೀಲಿಗೇ ಹೋಗಿ ಮುಟ್ಟುತ್ತಿತ್ತು. ಏಳು ಗಂಟೆಗೆ ಶುರುಮಾಡಿದೆವು. ಮೆಣಸಿನ ಸಾರು, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ವಡೆ, ಎಳ್ಳುಂಡೆ, ಪಾಯಸ. ನಾನು ಒಲೆ ಹತ್ತಿರ ನಿಂತೆ, ಅವರು ಉದ್ದು ರುಬ್ಬಲು ನಿಂತರು. ನಡುನಡುವೆ ನಾನು ಕಟ್ಟೆಗೆ ಹೊಟ್ಟೆ ಆನಿಸಿ ಎಡಗಾಲಿನ ಭಾರ ತೆಗೆಯುತ್ತಿದ್ದೆ. ಅವರು ತಿರುಗಿದರೆ ತಟ್ಟನೆ ನೆಟ್ಟಗಾಗುತ್ತಿದ್ದೆ. ಅವರೂ ಒಂದೆರಡು ಸಲ ಕಿಟಕಿಯ ಸರಳು ಹಿಡಿದು ನಿಂತದ್ದನ್ನು ನೋಡಿದೆ. ಮಳೆ ನೋಡುತ್ತಿದ್ದಾರೆ ಎಂದುಕೊಂಡೆ. ಎಷ್ಟು ದಡ್ಡಿ ನಾನು. ಮೂವತ್ತೈದು ವರ್ಷದಲ್ಲಿ ವಿಮಲಕ್ಕ ಒಂದು ದಿನವಾದರೂ ಕೆಲಸದ ನಡುವೆ ಮಳೆ ನೋಡಿದವರಲ್ಲ.

ನಡುವೆ ರಶ್ಮಿ ಹೊಸಿಲಿನ ಆಚೆಯಿಂದ ಇಣುಕಿ, "ಅತ್ತೆ, ಸ್ವಲ್ಪ ಕೂತ್ಕೊಳ್ಳಿ," ಎಂದಳು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದ್ದ ಹುಡುಗಿ. ವಿಮಲಕ್ಕ ಅವಳನ್ನು ಕಣ್ಣಲ್ಲೇ ಸುಮ್ಮನಾಗಿಸಿದರು. ಅವಳು ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ ಹೋದಳು.

ಬ್ರಾಹ್ಮಣರು ಇಬ್ಬರು. ಊಟಕ್ಕೆ ಕೂರುವುದು ಮಣೆಯ ಮೇಲೆ, ಎಲೆ ನೆಲದ ಮೇಲೆ. ಬಡಿಸುವವರು ಸೊಂಟದಿಂದ ಪೂರ್ತಿ ಬಗ್ಗಬೇಕು. ಕೀಲು ಬದಲಾಯಿಸಿದವರಿಗೆ ಡಾಕ್ಟರು ಬೇಡ ಎನ್ನುವ ಕೆಲಸಗಳಲ್ಲಿ ಮೊದಲನೆಯದೇ ಅದು. ಇಬ್ಬರಿಗೂ ಗೊತ್ತಿತ್ತು. "ಅನ್ನ, ಸಾರು ನಾನು ಬಡಿಸ್ತೀನಿ," ಎಂದೆ. "ಹಾಗಾದ್ರೆ ವಡೆ, ಪಾಯಸ ನಂದು," ಎಂದರು. ಹೊರಟೆವು ಇಬ್ಬರೂ, ನೆಟ್ಟಗೆ, ನಗುಮುಖ ಮಾಡಿಕೊಂಡು. ಈಗ ನೆನೆದರೆ ನಗು ಬರುತ್ತದೆ. ಅವತ್ತು ಎರಡನೇ ಎಲೆಗೆ ಅನ್ನ ಬಡಿಸಿ ಎದ್ದಾಗ ನನ್ನ ಕಣ್ಣು ಕತ್ತಲಿಟ್ಟಿತ್ತು.

ನಾನು ಒಳಗೆ ಬಂದು ಅಡುಗೆಮನೆಯ ಬಾಗಿಲು ಹಿಡಿದು ನಿಂತೆ. ವಿಮಲಕ್ಕ ಪಾಯಸದ ಪಾತ್ರೆ ತೆಗೆದುಕೊಂಡು ಹೋದರು. ಮೊದಲನೆಯವರಿಗೆ ಬಡಿಸಿದರು. ಎರಡನೆಯವರು ನಮ್ಮ ಹಳೆಯ ಪುರೋಹಿತರಾದ ನರಸಿಂಹ ಭಟ್ಟರು, ಎಪ್ಪತ್ತು ದಾಟಿದವರು. ಅವರ ಎಲೆಗೆ ಬಗ್ಗಿ ಒಂದು ಸೌಟು ಹಾಕಿದರು. ಹಾಕಿ ಏಳಬೇಕಲ್ಲ, ಏಳಲಿಲ್ಲ. ಇನ್ನೊಂದು ಸೌಟು ಹಾಕಿದರು. ಭಟ್ಟರು ಕೈ ಅಡ್ಡ ಮಾಡಿದರು. ತಿಥಿಯ ಊಟದಲ್ಲಿ ಅವರು ಮಾತಾಡುವಂತಿಲ್ಲ, ಕೈಸನ್ನೆಯೇ ಎಲ್ಲ. ವಿಮಲಕ್ಕ ಕೈಯ ಪಕ್ಕದಿಂದ ಮೂರನೇ ಸೌಟು ಹಾಕಿದರು. ಪಾಯಸ ಎಲೆಯ ಅಂಚಿಗೆ ಹೊರಟಿತು. ಭಟ್ಟರು ಎರಡೂ ಕೈ ಅಡ್ಡ ಹಿಡಿದು, ಕತ್ತೆತ್ತಿ ಅವರ ಮುಖ ನೋಡಿದರು. ನಾಲ್ಕನೇ ಸೌಟು ಪಾತ್ರೆಯಲ್ಲಿ ತುಂಬುತ್ತಿತ್ತು.

ನನಗೆ ಆಗ ಅರ್ಥವಾಯಿತು. ಬಗ್ಗಿದವರಿಗೆ ಏಳಲು ಆಗುತ್ತಿಲ್ಲ. ಏಳಲಾಗದ್ದು ಯಾರಿಗೂ ಕಾಣಬಾರದೆಂದು ಬಡಿಸುತ್ತಲೇ ಇದ್ದಾರೆ. ಅರ್ಥವಾಗಲು ಕಾರಣವಿದೆ. ಮನೆಯಲ್ಲಿ ಬಕೆಟ್ಟಿಗೆ ಬಗ್ಗಿ ಸಿಕ್ಕಿಕೊಂಡಾಗ ನಮ್ಮವರು ಬಂದರೆ, ನಾನೂ ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದೆ.

ಭಾವ ಮತ್ತು ನಮ್ಮವರು ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಆ ಕಡೆ ಕೂತಿದ್ದರು, ನಡುವೆ ಏಳುವಂತಿಲ್ಲ. ರಶ್ಮಿ ಹೊಸಿಲು ದಾಟಲು ಕಾಲೆತ್ತಿದಳು. ಬಗ್ಗಿಕೊಂಡೇ ಇದ್ದ ವಿಮಲಕ್ಕ, "ಮುಟ್ಟಬೇಡ," ಎಂದು ಹಲ್ಲು ಕಚ್ಚಿ ಹೇಳಿದರು. ಅಷ್ಟು ಜನರಿದ್ದ ಮನೆಯಲ್ಲಿ ಅವರನ್ನು ಮುಟ್ಟಿ ಎಬ್ಬಿಸಬಹುದಾದವಳು ನಾನೊಬ್ಬಳೇ. ನನ್ನದು ನೋಡಿದರೆ ಹೀಗೆ.

ಅನ್ನದ ಪಾತ್ರೆ ಹಿಡಿದು ಬಡಿಸುವವಳ ಹಾಗೆ ಹೋಗಿ ಅವರ ಬಲಕ್ಕೆ ನಿಂತೆ. ಸ್ವಲ್ಪ ಮಂಡಿ ಬಗ್ಗಿಸಿ ಭುಜ ಕೊಟ್ಟೆ.

"ಹಿಡ್ಕೊಳ್ಳಿ ಅಕ್ಕ."

"ಬೇಡ್ವೆ. ನಿನ್ನ ಕಾಲು..."

"ಹಿಡ್ಕೊಳ್ಳಿ ಅಂದ್ನಲ್ಲ."

ಹಿಡಿದರು. ಅವರ ಕೆಟ್ಟ ಬಲಗಾಲು, ನನ್ನ ಕೆಟ್ಟ ಎಡಗಾಲು ಎರಡೂ ಒಳಗಡೆ, ಒಂದಕ್ಕೊಂದು ತಾಗಿಕೊಂಡು. ಹೊರಗಡೆಯ ಎರಡು ಒಳ್ಳೆಯ ಕಾಲುಗಳ ಮೇಲೆ ಇಬ್ಬರೂ ಎದ್ದೆವು. ಅವರ ಉಗುರು ನನ್ನ ಭುಜಕ್ಕೆ ಇಳಿದಿತ್ತು. ಏಳುವಾಗ ನನ್ನ ಬಾಯಿಂದ ಒಂದು ಸಣ್ಣ ನರಳಿಕೆ ಹೊರಬಂತು. ಅದು ಅವರಿಗೆ ಕೇಳಿಸಿತು. ತಿರುಗಿ ನನ್ನ ಮುಖ ನೋಡಿದರು, ನಾನೂ ಅವರದ್ದು ನೋಡಿದೆ. ಆರು ತಿಂಗಳ ಸುಳ್ಳು ಅಷ್ಟರಲ್ಲೇ ಮುಗಿಯಿತು. ಹಾಗೇ ಭುಜ ಹಿಡಿದುಕೊಂಡೇ ಒಳಗೆ ಬಂದೆವು. ಭಟ್ಟರು ಪಾಯಸವನ್ನು ಅನ್ನದ ಕಟ್ಟೆ ಕಟ್ಟಿ ತಡೆಯುತ್ತಿದ್ದರು.

ಊಟ, ದಕ್ಷಿಣೆ, ಆಶೀರ್ವಾದ ಎಲ್ಲ ಮುಗಿದು ಅವರು ಹೊರಟ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಎರಡು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತೆವು. ಹೊಟ್ಟೆ ಹಸಿದಿತ್ತು. ಆದರೆ ಇಬ್ಬರಿಗೂ ಎಲೆ ಹಾಕುವ ಮನಸ್ಸಿರಲಿಲ್ಲ.

"ಯಾವಾಗಿಂದ?" ಎಂದು ಕೇಳಿದೆ.

"ಮೊದಲಿಂದ," ಎಂದರು.

"ಮತ್ತೆ ಪಾರ್ಕ್? ಹೊಳೆ? ತಾರಸಿ?"

"ಗೇಟು ದಾಟಿಲ್ಲ ಕಣೆ. ತಾರಸಿಗೆ ಹಪ್ಪಳ ಹಾಕಿದ್ದು ರಶ್ಮಿ. ನಿಂಗೆ ಹೇಳಬಾರದು ಅಂತ ಅವಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಇರುವೆ ಕಚ್ಚಿದ ಹಾಗೆ ಅಂದ್ರಲ್ಲ, ಯಾವ ಇರುವೆ ಅದು?" ಎಂದೆ.

ವಿಮಲಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. "ನೋವು ಇದೆ ಅಂದಿದ್ರೆ ನೀನು ಆಪರೇಷನ್ ಮಾಡಿಸ್ಕೊತಾನೇ ಇರ್ಲಿಲ್ಲ. ಕುಂಟ್ಕೊಂಡೇ ಸಾಯ್ತಿದ್ದೆ. ಮಾಡಿಸ್ಕೊಂಡ ಮೇಲೆ ಹೇಳೋಣ ಅಂದ್ರೆ, ನೀನು ಚೆನ್ನಾಗಿದ್ದೀನಿ ಅಂತಿದ್ದೆ. ಚೆನ್ನಾಗಿರೋಳ ಹತ್ರ ನಂದೇನು ಗೋಳು ಅಂತ ಸುಮ್ಮನಾದೆ. ನೀನು ಸರ್ಕಲ್ ತನಕ ಹೋಗ್ತಿದ್ದೀಯ ಅಂದಾಗ, ನಂದೇ ಏನೋ ಕೆಟ್ಟಿದೆ ಅನ್ಕೊಂಡೆ. ಇನ್ನಷ್ಟು ವ್ಯಾಯಾಮ ಮಾಡ್ದೆ. ಇನ್ನಷ್ಟು ನೋವಾಯ್ತು."

"ಅಕ್ಕ," ಎಂದೆ, "ಮುಂದಿನ ಗುರುವಾರ ನಾನು ಮತ್ತೆ ಕೊಯ್ಸಿಕೊಳ್ಳೋದು ಅಂತ ಗೊತ್ತು ಮಾಡಿದ್ದೀನಿ."

ಅವರ ಕೈ ನಿಂತಿತು. ಅರ್ಥವಾಗದವರ ಹಾಗೆ ನೋಡಿದರು.

"ನಿಮಗೆ ವಾಸಿಯಾಗಿ ನನಗೆ ಆಗಿಲ್ಲ ಅಂದ್ರೆ ಒಳಗೆ ಏನೋ ತಪ್ಪಿದೆ ಅಂತ. ಬೇರೆ ಡಾಕ್ಟ್ರ ಹತ್ರ ಹೋಗಿದ್ದೆ. ನೋವು ಹೆಚ್ಚಾದರೂ ಆಗಬಹುದು ಅಂದ್ರು. ಆದ್ರೂ ಒಪ್ಕೊಂಡು ಬಂದೆ."

ವಿಮಲಕ್ಕ ಅಳುವುದನ್ನು ನಾನು ಅತ್ತೆ ಹೋದಾಗ ಒಮ್ಮೆ ನೋಡಿದ್ದೆ, ಅವತ್ತು ಎರಡನೇ ಸಲ. ದನಿಯಿಲ್ಲದೆ ಅತ್ತರು. "ನನ್ನ ಬಾಯಿ ಸುಡ," ಎಂದರು. "ನನ್ನ ಒಂದು ಮಾತಿಗೆ ನಿನ್ನ ಕೊಯ್ಯೋ ಹಾಗೆ ಮಾಡಿದ್ನಲ್ಲ." ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಅವರ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ. ಕೈ ಹಿಡಿದುಕೊಂಡೆ. ನನಗಷ್ಟೇ ಅಲ್ಲ ಈ ನೋವು ಎಂದು ಗೊತ್ತಾದದ್ದಕ್ಕೆ ಮನಸ್ಸಿಗೆ ಹಾಯ್ ಎನ್ನಿಸಿತು. ಅವರು ನೋಯುತ್ತಿರುವುದಕ್ಕೆ ಹಾಯ್ ಎನ್ನಿಸಿತಲ್ಲ ಎಂದು ನಾಚಿಕೆಯೂ ಆಯಿತು. ರಶ್ಮಿ ಬಾಗಿಲು ತಳ್ಳಿ ಬಂದು, ಇಬ್ಬರು ಮುದುಕಿಯರೂ ಅಳುವುದನ್ನು ನೋಡಿ, ಎರಡು ಎಲೆ ಹಾಕಿದಳು. ಎಲೆಗಳನ್ನು ಊಟದ ಮೇಜಿನ ಮೇಲೆ ಹಾಕಿದ್ದಳು.

ಗುರುವಾರ ನಾನು ಆ ಊರಿಗೆ ಹೋಗಲಿಲ್ಲ. ಅದೇ ಗುರುವಾರ ಇಬ್ಬರೂ ಒಟ್ಟಿಗೆ ಶಿವಮೊಗ್ಗದ ನಮ್ಮ ಡಾಕ್ಟರ ಮುಂದೆ ಕೂತೆವು. ದಿನಕ್ಕೆ ಎಷ್ಟು ನಡೆಯುತ್ತೀರಿ, ಎಷ್ಟು ಸಲ ಕಾಲೆತ್ತುತ್ತೀರಿ ಎಂದು ಕೇಳಿದರು. ಇಬ್ಬರೂ ನಿಜ ಹೇಳಿದೆವು. ಆತ ಪೆನ್ನು ಕೆಳಗಿಟ್ಟರು.

"ಹತ್ತು ಅಂದ್ರೆ ಮೂವತ್ತು ಯಾರು ಮಾಡೋಕೆ ಹೇಳಿದ್ರು?"

ನಾನು ವಿಮಲಕ್ಕನ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು.

ಕೀಲು ಇಬ್ಬರದ್ದೂ ಸರಿಯಾಗಿದೆ, ಅದರ ಸುತ್ತಲಿನ ಸ್ನಾಯುಗಳು ಎಷ್ಟೋ ವರ್ಷ ಕುಂಟಿ ಸೋತಿವೆ, ಸೋತದ್ದನ್ನು ಈ ಆರು ತಿಂಗಳು ಬಡಿದು ಎಬ್ಬಿಸಿದ್ದೀರಿ ಎಂದು ಆತ ತಾಳ್ಮೆಯಿಂದ ತಿಳಿಸಿದರು. ಒಂದು ವರ್ಷ ಹಿಡಿಯಬಹುದು; ಕೆಲವರಿಗೆ ಪೂರ್ತಿ ಹೋಗದೆಯೂ ಉಳಿಯಬಹುದು. ಇದನ್ನು ಕೇಳಿ ನನಗೆ ಬೇಜಾರಾಗಲಿಲ್ಲ. ಆರು ತಿಂಗಳಿಂದ ಯಾರಾದರೂ ಹೀಗೆ ಹೇಳಲಿ ಎಂದು ಕಾಯುತ್ತಿದ್ದೆ.

ಆಮೇಲೆ ನಾವಿಬ್ಬರು ಒಂದು ಒಪ್ಪಂದಕ್ಕೆ ಬಂದೆವು. ದಿನಾ ಬೆಳಿಗ್ಗೆ ಏಳಕ್ಕೆ ಫೋನ್. ಎಷ್ಟು ನಡೆದೆ, ಎಷ್ಟು ಹತ್ತಿದೆ ಎನ್ನುವ ಮಾತಿಲ್ಲ. ನೋವು ಹತ್ತಕ್ಕೆ ಎಷ್ಟು, ಅಷ್ಟೇ. ಸುಳ್ಳು ಹೇಳಿದರೆ ಅತ್ತೆಯ ಮೇಲಾಣೆ. "ಏಳು." "ನನಗೆ ಆರೂವರೆ." "ಅರ್ಧ ಎಲ್ಲಿಂದ ಬಂತು ಮಾರಾಯ್ತಿ, ಆಫೀಸಿನ ಬುದ್ಧಿ ಬಿಡು." ಹೀಗೆ. ಮಳೆಗಾಲ ಕಳೆದು ಚಳಿ ಬಂದಾಗ ಇಬ್ಬರದ್ದೂ ಏರಿತು. ಸಂಕ್ರಾಂತಿಯ ಹೊತ್ತಿಗೆ ಇಬ್ಬರದ್ದೂ ಐದಕ್ಕೆ ಇಳಿಯಿತು. ಕಷ್ಟಸುಖ ಬೇರೆ ಏನಿದ್ದರೂ ಆ ಸಂಖ್ಯೆ ಹೇಳಿದ ಮೇಲೆಯೇ. ನರಸಿಂಹ ಭಟ್ಟರಿಗೆ ಭಾವ ವಿಷಯ ತಿಳಿಸಿ, ಮುಂದಿನ ವರ್ಷದಿಂದ ಮೇಜಿನ ಮೇಲೆ ಎಲೆ ಹಾಕಬಹುದೇ ಎಂದು ಹಿಂಜರಿಯುತ್ತಾ ಕೇಳಿದರಂತೆ. "ನಾನೇ ಹೇಗೆ ಕೇಳೋದು ಅಂತಿದ್ದೆ," ಎಂದರಂತೆ ಭಟ್ಟರು, "ನನ್ನ ಮಂಡಿ ಹೋಗಿ ನಾಲ್ಕು ವರ್ಷ ಆಯ್ತು."

ಫಾಲ್ಗುಣದ ಒಂದು ಬೆಳಿಗ್ಗೆ ಎದ್ದೆ, ಮುಖ ತೊಳೆದೆ, ಬಾಗಿಲಿಗೆ ರಂಗೋಲಿ ಎಳೆದೆ, ಹಾಲು ಒಲೆಗಿಟ್ಟೆ. ಹಾಲು ಉಕ್ಕುವ ಹೊತ್ತಿಗೆ, ಎದ್ದಾಗಿನಿಂದ ಕಾಲಿನ ಯೋಚನೆಯೇ ಬಂದಿಲ್ಲ ಎಂದು ಹೊಳೆಯಿತು. ಒಲೆ ಆರಿಸಿ ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ ನಡೆದು ನೋಡಿದೆ. ಮೆಟ್ಟಿಲು ಇಳಿದೆ, ಹತ್ತಿದೆ. ಏನೂ ಇಲ್ಲ. ಸಂತೋಷಕ್ಕೆ ನಮ್ಮವರನ್ನು ಎಬ್ಬಿಸಬೇಕೆನ್ನುವಷ್ಟರಲ್ಲಿ ಏಳಾಯಿತು, ಫೋನ್ ಬಂತು.

"ಎಷ್ಟೆ?"

"ನೀವು ಮೊದಲು ಹೇಳಿ."

"ನಾಲ್ಕು. ಐದೇ ಇತ್ತು ನಿನ್ನೆ," ಎಂದರು. ದನಿಯಲ್ಲಿ ಆಯಾಸವಿತ್ತು.

"ನನಗೂ ನಾಲ್ಕು ಅಕ್ಕ," ಎಂದುಬಿಟ್ಟೆ.

"ಹ್ಞೂಂ. ಇಬ್ಬರಿಗೂ ಒಟ್ಟಿಗೇ ಹೋಗುತ್ತೆ ಬಿಡು," ಎಂದು ಇಟ್ಟರು.

ಕಾಫಿ ಕುಡಿಯಲಾಗಲಿಲ್ಲ. ಆಣೆ ಮುರಿದದ್ದಕ್ಕಿಂತ ಹೆಚ್ಚಾಗಿ, ಹೋದ ವರ್ಷ ಅವರು ನನಗೆ ಮಾಡಿದ್ದನ್ನೇ ಈಗ ನಾನು ಅವರಿಗೆ ಮಾಡಿದೆ ಎನ್ನುವುದು ಚುಚ್ಚುತ್ತಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಹತ್ತು ಗಂಟೆಯ ಬಸ್ಸಿಗೆ ಭದ್ರಾವತಿಗೆ ಹೊರಟೆ. ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನನಗೆ ಹೋಯಿತು, ನಿಮಗೆ ಉಳಿಯಿತು ಎನ್ನುವುದನ್ನು ಯಾವ ಬಾಯಲ್ಲಿ ಹೇಳಲಿ? ನೋಯುವಾಗ ನಾವು ಜೊತೆಗಿದ್ದೆವು. ಇನ್ನು ಮುಂದೆ ಅವರೊಬ್ಬರೇ ಆಗುತ್ತಾರೆ.

ಬಸ್ಸಿಳಿದು ಅವರ ರಸ್ತೆಗೆ ತಿರುಗಿದಾಗ ವಿಮಲಕ್ಕ ಮುಂದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಪಕ್ಕದ ಸ್ಟೂಲಿನ ಮೇಲೆ ಮಾವಿನ ಮಿಡಿ ಹರಡಿಕೊಂಡು ಒರೆಸುತ್ತಿದ್ದರು. ನನ್ನನ್ನು ನೋಡಿದರು. ಬಟ್ಟೆ ಹಿಡಿದ ಕೈ ಹಾಗೇ ನಿಂತಿತು. ನಾನು ಗೇಟು ತೆಗೆದು ಅವರ ಮುಂದೆ ಹೋಗಿ ನಿಲ್ಲುವ ತನಕ ಅವರು ನನ್ನ ಕಾಲನ್ನೇ ನೋಡುತ್ತಿದ್ದರು.

"ಬೆಳಿಗ್ಗೆ ಎಷ್ಟು ಅಂದೆ?"

"ನಾಲ್ಕು."

"ನಾಲ್ಕು ಇರೋಳು ಹೀಗೆ ನಡಿಯಲ್ಲ."

ನಾನು ತಲೆ ತಗ್ಗಿಸಿದೆ. "ಏನೂ ಇಲ್ಲ ಅಕ್ಕ. ಬೆಳಿಗ್ಗೆಯಿಂದ ಏನೂ ಇಲ್ಲ," ಎಂದೆ. ನನಗೇ ಅಳು ಬರುವಂತಿತ್ತು.

ವಿಮಲಕ್ಕ ಬೈಯಲಿಲ್ಲ. ಬಟ್ಟೆಯನ್ನು ಪಕ್ಕಕ್ಕಿಟ್ಟರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಕಣ್ಣನ್ನೂ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಅವರ ಮುಖ ಅರಳಿತ್ತು.

"ಕನ್ನಡಕ ಮಂಜಾಗಿತ್ತು, ಸರಿಯಾಗಿ ಕಾಣ್ಲಿಲ್ಲ," ಎಂದರು. "ಗೇಟಿನ ತನಕ ಹೋಗಿ ಬಾ. ಇನ್ನೊಂದ್ಸಲ ನೋಡ್ತೀನಿ."

ಹೋಗಿ ಬಂದೆ.

"ಇನ್ನೊಂದ್ಸಲ," ಎಂದರು.

ನಾನು ಮತ್ತೆ ಗೇಟಿನ ಕಡೆ ತಿರುಗಿದೆ.